ಹಳೆಯ ಪತ್ರಿಕೆಯ ಜಾಹೀರಾತನ್ನು ಓದುವ ಕ್ರಮ: ಕಾಲ, ಬ್ಲಾಕು, ಬೆಲೆ

1900ರಿಂದ 1939ರವರೆಗಿನ ಪತ್ರಿಕೆಗಳು ಇಡೀ ಸಂಚಿಕೆಯಾಗಿ ಕೈಗೆ ಸಿಗುವುದು ಕಡಿಮೆ. ಟ್ರಂಕಿನ ತಳಕ್ಕೆ ಹಾಸಿದ ಹಾಳೆ, ಪುಸ್ತಕದ ರಟ್ಟಿನ ಒಳಪದರ, ಫೋಟೋ ಚೌಕಟ್ಟಿನ ಬೆನ್ನಿಗೆ ಅಂಟಿಸಿದ ಚೂರು, ಹೀಗೆ ತುಂಡುತುಂಡಾಗಿ ಬರುತ್ತವೆ. ಪತ್ರಿಕೆಯ ಹೆಸರಿರುವುದಿಲ್ಲ, ತಾರೀಖಿರುವುದಿಲ್ಲ. ಒಂದು ಎಣ್ಣೆ ಸೀಸೆಯ ಚಿತ್ರ, ಒಂದು ಬೆಲೆ, ಮದರಾಸಿನದೋ ಮುಂಬಯಿಯದೋ ಒಂದು ವಿಳಾಸ, ಅಷ್ಟೆ. ಚಿತ್ರದಲ್ಲಿರುವ ಹೆಂಗಸಿನ ಸೀರೆ ಉಟ್ಟ ರೀತಿ ನೋಡಿ "ಸುಮಾರು 1920" ಎಂದು ಬರೆದುಬಿಡುವುದು ಸುಲಭ. ಆದರೆ ಚಿತ್ರವೇ ಜಾಹೀರಾತಿನಲ್ಲಿ ಅತಿ ಹೆಚ್ಚು ಮೋಸ ಮಾಡುವ ಭಾಗ. ಅಂಚೆ ದರ, ವಿಳಾಸ, ಬಿರುದು, ವಾರ ಮತ್ತು ತಾರೀಖು, ಅಚ್ಚಿನ ಗುರುತು, ಇವುಗಳಲ್ಲಿ ಕನಿಷ್ಠ ಎರಡು ಬೇರೆ ಬೇರೆ ದಾರಿಯಿಂದ ಒಂದೇ ಕಾಲಕ್ಕೆ ಬಂದು ಮುಟ್ಟಿದಾಗಷ್ಟೇ ಇಸವಿ ಬರೆಯಬೇಕು. ಮುಂದಿನದೆಲ್ಲ ಆ ದಾರಿಗಳ ವಿವರ. ಮೈಸೂರು ಸಂಸ್ಥಾನದಲ್ಲೂ ಮುಂಬಯಿ, ಮದರಾಸು ಪ್ರಾಂತ್ಯಗಳ ಕನ್ನಡ ಜಿಲ್ಲೆಗಳಲ್ಲೂ ಓದುತ್ತಿದ್ದ ಪತ್ರಿಕೆಗಳಿಗೆ ಇದು ಅನ್ವಯಿಸುತ್ತದೆ.

ಮೊದಲು ಕಾಗದ ಉಳಿಯಲಿ

ಆ ಕಾಲದ ಪತ್ರಿಕೆ ಕಾಗದ ಮರದ ತಿರುಳನ್ನು ಅರೆದು ಮಾಡಿದ್ದು. ಅದರಲ್ಲೇ ಉಳಿದ ಲಿಗ್ನಿನ್ (ಮರದ ನಾರುಗಳನ್ನು ಬಿಗಿಹಿಡಿಯುವ ವಸ್ತು) ಮತ್ತು ಆಮ್ಲ ಸೇರಿ ನಾರನ್ನು ಒಳಗಿನಿಂದಲೇ ಕಡಿಯುತ್ತವೆ. ಹಾಗಾಗಿ ಹಾಳೆ ಮೊದಲು ಹಳದಿಯಾಗಿ, ಕಂದಾಗಿ, ಕೊನೆಗೆ ಮಡಿಕೆಯಲ್ಲಿ ಮುರಿಯುತ್ತದೆ. ಮಡಿಸಿದ ಹಾಳೆಯನ್ನು ಒಣಗಿದ್ದಾಗ ಬಲವಂತವಾಗಿ ಬಿಡಿಸಬಾರದು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಒದ್ದೆ ಮಾಡಿ ಹಿಂಡಿದ ಬ್ಲಾಟಿಂಗ್ ಕಾಗದ ಹಾಕಿ, ಅದಕ್ಕೆ ತಾಗದಂತೆ ಮೇಲೊಂದು ಜಾಲರಿ ಇಟ್ಟು, ಜಾಲರಿಯ ಮೇಲೆ ಹಾಳೆ ಇಡಿ. ಗಂಟೆಗೊಮ್ಮೆ ನೋಡುತ್ತಿರಿ, ಮಡಿಕೆ ಮೆತ್ತಗಾದ ಕೂಡಲೇ ತೆಗೆದು, ನಿಧಾನವಾಗಿ ಬಿಡಿಸಿ, ಎರಡು ಒಣ ಬ್ಲಾಟಿಂಗ್ ಕಾಗದಗಳ ನಡುವೆ ಭಾರ ಹೇರಿ ಒಣಗಿಸಿ. ರಾತ್ರಿಯೆಲ್ಲ ಡಬ್ಬಿಯಲ್ಲೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಹಾಳೆಯ ಮೇಲೆ ರಬ್ಬರ್ ಸ್ಟಾಂಪಿನ ನೇರಳೆ ಶಾಯಿ ಇದ್ದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ, ಆ ಶಾಯಿ ತೇವಕ್ಕೆ ಹರಡಿ ಅಕ್ಷರಗಳನ್ನು ನುಂಗುತ್ತದೆ.

ಸೆಲೋಟೇಪು, ಫೆವಿಕಾಲು, ಲ್ಯಾಮಿನೇಷನ್ ಮೂರೂ ಬೇಡ. ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಕಾಗದದೊಳಗೆ ಇಳಿದು ಕಂದು ಕಲೆಯಾಗುತ್ತದೆ, ಮತ್ತೆ ಹೋಗುವುದಿಲ್ಲ. ಲ್ಯಾಮಿನೇಷನ್ ಮಾಡಿದರೆ ಆಮ್ಲ ಒಳಗೇ ಸಿಕ್ಕಿಕೊಳ್ಳುತ್ತದೆ, ಹಾಳೆಯನ್ನು ಮತ್ತೆ ಹೊರಗೆ ತೆಗೆಯುವುದಂತೂ ಆಗದ ಮಾತು. ಹರಿದುಹೋದದ್ದನ್ನು ಹಿಡಿಸಲೇಬೇಕಾದರೆ ತೆಳು ಜಪಾನಿ ಕಾಗದ ಮತ್ತು ಗೋಧಿ ಪಿಷ್ಟದ ಅಂಟು ಸಾಕು. ಗುರುತು ಬರೆಯುವುದು ಪೆನ್ಸಿಲಿನಲ್ಲಿ, ಅದೂ ಅಂಚಿನಲ್ಲಿ.

ಚಿತ್ರ ತೆಗೆಯುವಾಗ ಜಾಹೀರಾತನ್ನಷ್ಟೇ ಕತ್ತರಿಸಿ ತೆಗೆಯಬೇಡಿ. ಮೊದಲು ಇಡೀ ಹಾಳೆ, ಆಮೇಲೆ ಅದರ ಹಿಂಬದಿ, ಕೊನೆಗೆ ಜಾಹೀರಾತು. ಹಾಳೆಯ ಕೆಳಗೆ ಕಪ್ಪು ಕಾಗದ ಇಟ್ಟರೆ ಹಿಂಬದಿಯ ಅಕ್ಷರಗಳು ತೂರಿ ಕಾಣುವುದು ಬಹುಪಾಲು ನಿಲ್ಲುತ್ತದೆ. ಬಿಳಿ ಕಾಗದ ಇಟ್ಟರೆ ಅದೇ ಅಕ್ಷರಗಳು ಇನ್ನೂ ಎದ್ದು ಕಾಣುತ್ತವೆ. ಪಕ್ಕದಲ್ಲಿ ಇಂಚು ಪಟ್ಟಿ ಇರಲಿ. ಬೆಳಕು ಎರಡು ಕಡೆಯಿಂದ 45 ಡಿಗ್ರಿಯಲ್ಲಿ ಬೀಳಲಿ, ಫ್ಲಾಷ್ ಬೇಡ. ಸ್ಕ್ಯಾನ್ ಮಾಡುವುದಾದರೆ 400 ಡಿಪಿಐ, ಬಣ್ಣದಲ್ಲಿ. ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಕಲೆ ಯಾವುದು, ಚುಕ್ಕೆ ಯಾವುದು, ಬೆಲೆಯ ಗೀಟು ಯಾವುದು ಎಂದು ಆಮೇಲೆ ಗೊತ್ತಾಗುವುದಿಲ್ಲ.

ಹಾಳೆಯನ್ನು ಮಗುಚಿ

ತಾರೀಖಿಲ್ಲದ ತುಂಡಿನ ಕಾಲ ಹೇಳುವ ಸಾಕ್ಷಿ ಹೆಚ್ಚಾಗಿ ಅದರ ಬೆನ್ನಿನ ಮೇಲಿರುತ್ತದೆ. ಹಿಂದೆ ಯುದ್ಧದ ತಂತಿ ಸುದ್ದಿಯೋ, ಸರ್ಕಾರಿ ಪ್ರಕಟಣೆಯೋ, ವರ್ಗಾವಣೆಯ ಪಟ್ಟಿಯೋ ಇದ್ದರೆ ಅರ್ಧ ಕೆಲಸ ಮುಗಿದಂತೆ. ಕೊನೆಯ ಪುಟದ ತುಂಡಾದರೆ ಅಡಿಯಲ್ಲಿ ಮುದ್ರಕರ ಸಾಲು ಹುಡುಕಿ. ಬ್ರಿಟಿಷ್ ಇಂಡಿಯಾದಲ್ಲಿ 1867ರ ಪ್ರೆಸ್ ಕಾಯಿದೆ ಮುದ್ರಕ, ಪ್ರಕಾಶಕರ ಹೆಸರು ಮತ್ತು ಸ್ಥಳವನ್ನು ಅಚ್ಚುಹಾಕಲು ಕಡ್ಡಾಯ ಮಾಡಿತ್ತು. ಹೀಗಾಗಿ ಪತ್ರಿಕೆಯ ಹೆಸರು ಹರಿದುಹೋಗಿದ್ದರೂ ಮುದ್ರಣಾಲಯದ ಹೆಸರಿನಿಂದ ಪತ್ರಿಕೆಯನ್ನು ಹಿಡಿಯಬಹುದು.

ತಲೆಬರಹದ ತುಣುಕು ಉಳಿದಿದ್ದರೆ ಸಂವತ್ಸರದ ಹೆಸರು ನೋಡಿ. ಯುಗಾದಿಯಿಂದ ಯುಗಾದಿಗೆ ಎಣಿಸಿದರೆ 1905–06 ವಿಶ್ವಾವಸು, 1914–15 ಆನಂದ, 1918–19 ಕಾಳಯುಕ್ತಿ, 1927–28 ಪ್ರಭವ. ಅರವತ್ತು ವರ್ಷಕ್ಕೊಮ್ಮೆ ಮಾತ್ರ ಮರಳುವುದರಿಂದ ಗೊಂದಲಕ್ಕೆ ಎಡೆ ಕಡಿಮೆ. ಜನವರಿಯಿಂದ ಯುಗಾದಿಯವರೆಗಿನ ಸಂಚಿಕೆಗಳಲ್ಲಿ ಮಾತ್ರ ಹಿಂದಿನ ವರ್ಷದ ಸಂವತ್ಸರವೇ ಇರುತ್ತದೆ, ಅಲ್ಲಿ ಒಂದು ವರ್ಷ ತಪ್ಪಿಹೋಗುವುದು ಸಾಮಾನ್ಯ.

ಇನ್ನೊಂದು ಉಪಾಯ ವಾರ ಮತ್ತು ತಾರೀಖನ್ನು ಜೋಡಿಸುವುದು. ಜಾಹೀರಾತಿನಲ್ಲಿಯೋ ಹಿಂಬದಿಯ ಸಭೆಯ ಸುದ್ದಿಯಲ್ಲಿಯೋ "ಜುಲೈ 12, ಭಾನುವಾರ" ಎಂದಿದ್ದರೆ 1900ರಿಂದ 1939ರೊಳಗೆ ಅದು 1903, 1908, 1914, 1925, 1931, 1936 ಈ ಆರು ವರ್ಷಗಳಿಗೆ ಮಾತ್ರ ಹೊಂದುತ್ತದೆ. ನಲವತ್ತರಿಂದ ಆರಕ್ಕೆ ಇಳಿಯಿತು. ಇನ್ನೊಂದೇ ಒಂದು ಸುಳಿವು ಸಿಕ್ಕರೆ ಒಂದಕ್ಕೆ ಇಳಿಯುತ್ತದೆ.

"ಇದಕ್ಕಿಂತ ಮೊದಲಲ್ಲ", "ಇದರ ಆಚೆಗಲ್ಲ"

ಪ್ರತಿ ಸುಳಿವನ್ನೂ ಈ ಎರಡು ಗಡಿಗಳಲ್ಲಿ (ಮೊದಲನೆಯದು ಕೆಳಗಡಿ, ಎರಡನೆಯದು ಮೇಲ್ಗಡಿ) ಒಂದರ ಕೆಳಗೆ ಬರೆದುಕೊಳ್ಳಿ. ಎರಡೂ ಗಡಿ ಸಿಗದ ತುಂಡಿಗೆ ಒಂದೇ ಇಸವಿ ಕೊಡಬೇಡಿ.

ಅಂಚೆ ದರ ಈ ಕೆಲಸಕ್ಕೆ ಎಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ಅಂಗಡಿಯವನು ಅದನ್ನು ತನ್ನ ಇಷ್ಟದಂತೆ ಬದಲಿಸಲಾರ. ಮೈಸೂರಿನ ಅಂಚೆ 1889ರಲ್ಲೇ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋದದ್ದರಿಂದ ಸಂಸ್ಥಾನಕ್ಕೂ ಅದೇ ದರ. ಕಾರ್ಡು 1922ರವರೆಗೆ ಕಾಲಾಣೆ, ಆ ವರ್ಷ ಅರ್ಧಾಣೆ, 1931ರ ಕೊನೆಗೆ ಮುಕ್ಕಾಲಾಣೆ ಆಯಿತು. ಕಾಗದದ, ಅಂದರೆ ಲಕೋಟೆಯಲ್ಲಿ ಹೋಗುವ ಪತ್ರದ, ಕನಿಷ್ಠ ದರ 1922ರವರೆಗೆ ಅರ್ಧಾಣೆ, ಆಮೇಲೆ ಒಂದಾಣೆ, 1931ರ ಕೊನೆಯಿಂದ ಕೆಲವು ವರ್ಷ ಒಂದೂಕಾಲಾಣೆ. "ಒಂದು ಕಾಲಾಣೆ ಕಾರ್ಡು ಬರೆದರೆ ಕ್ಯಾಟಲಾಗು ಉಚಿತ" ಎಂದು ಜಾಹೀರಾತಿನಲ್ಲಿದ್ದರೆ ಅದನ್ನು 1922ಕ್ಕಿಂತ ಮೊದಲಿನದೆಂದು ಧೈರ್ಯವಾಗಿ ಇಡಬಹುದು. ಆದರೆ "ಅರ್ಧಾಣೆ ಸ್ಟಾಂಪು ಕಳಿಸಿ" ಎಂದಿದ್ದರೆ ನಿಲ್ಲಿ. ಅದು 1922ಕ್ಕೆ ಮುಂಚಿನ ಕಾಗದದ ದರವೂ ಆಗಬಹುದು, ಆಮೇಲಿನ ಕಾರ್ಡಿನ ದರವೂ ಆಗಬಹುದು. ವಿ.ಪಿ.ಯಿಂದ (ಸರಕು ಕೈಗೆ ಬಂದಾಗ ಅಂಚೆಯವನಿಗೆ ಹಣ ಕೊಡುವ ಏರ್ಪಾಡು) ಮಾತ್ರ ಏನೂ ಗೊತ್ತಾಗುವುದಿಲ್ಲ. ಅದು 1877ರಿಂದಲೇ ಇತ್ತು.

ವಿಳಾಸವೂ ಮಾತಾಡುತ್ತದೆ. ಬೆಂಗಳೂರು ಸಿಟಿ ಬೇರೆ, ದಂಡು (ಕಂಟೋನ್ಮೆಂಟ್) ಬೇರೆ. 1881ರಿಂದ 1947ರವರೆಗೆ ದಂಡಿನ ಆಡಳಿತ ಬ್ರಿಟಿಷರದಾಗಿತ್ತು, ಹಾಗಾಗಿ ಅಂಗಡಿಯವರು "ಬೆಂಗಳೂರು ಸಿಟಿ" ಎಂದೋ "ಬೆಂಗಳೂರು ದಂಡು" ಎಂದೋ ಸ್ಪಷ್ಟವಾಗಿ ಬರೆಯುತ್ತಿದ್ದರು. ಇದರಿಂದ ಇಸವಿ ಸಿಗದಿದ್ದರೂ ಯಾವ ಗಿರಾಕಿಯನ್ನು ಕರೆಯುತ್ತಿದ್ದಾರೆ ಎಂಬುದು ಸಿಗುತ್ತದೆ. ಈಗಿನ ಮಹಾತ್ಮ ಗಾಂಧಿ ರಸ್ತೆಯ ಅಂಗಡಿ ಆಗ "ಸೌತ್ ಪೆರೇಡ್" ಎಂದು ಅಚ್ಚಾಗಿರುತ್ತದೆ. ವಿದ್ಯುತ್ ಬಲ್ಬು, ಫ್ಯಾನು ಮಾರುವ ಬೆಂಗಳೂರಿನ ಜಾಹೀರಾತು 1905ಕ್ಕಿಂತ ಮುಂಚಿನದಾಗಿರುವುದು ಕಷ್ಟ, ಶಿವನಸಮುದ್ರದ ವಿದ್ಯುತ್ತು ಊರಿನ ಬೀದಿಗೆ ಬಂದದ್ದು ಆ ವರ್ಷದ ಆಗಸ್ಟಿನಲ್ಲಿ.

ಪ್ರಶಂಸಾ ಪತ್ರಗಳಲ್ಲಿ ದೊಡ್ಡವರ ಹೆಸರು ಬಂದಾಗ ಬಿರುದನ್ನು ಅಕ್ಷರ ಬಿಡದೆ ನೋಡಿ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರು, "ಸರ್" ಬಂದದ್ದು 1915ರಲ್ಲಿ. ಮಿರ್ಜಾ ಇಸ್ಮಾಯಿಲ್ 1926ರಲ್ಲಿ ದಿವಾನರು, 1930ರಲ್ಲಿ "ಸರ್". "ದಿವಾನ್ ಮಿರ್ಜಾ ಇಸ್ಮಾಯಿಲ್" ಎಂದಷ್ಟೇ ಇದ್ದರೆ ಆ ಪತ್ರ ಬರೆದದ್ದು 1926–30ರ ನಡುವೆ ಎನ್ನಬಹುದು. ಜಾಹೀರಾತು ಅಚ್ಚಾದದ್ದು ಮಾತ್ರ ಇನ್ನೂ ಎಷ್ಟೋ ವರ್ಷಗಳ ಮೇಲಿರಬಹುದು, ಒಳ್ಳೆಯ ಪತ್ರ ಸಿಕ್ಕಿದರೆ ಅಂಗಡಿಯವರು ಅದನ್ನು ಬೇಗ ಕೈಬಿಡುತ್ತಿರಲಿಲ್ಲ. ವಸ್ತುಪ್ರದರ್ಶನಗಳಲ್ಲಿ ಸಿಕ್ಕ ಪದಕಗಳ ಚಿತ್ರವೂ ಹೀಗೆಯೇ. ಪ್ಯಾರಿಸ್ 1900, ಸೇಂಟ್ ಲೂಯಿ 1904, ವೆಂಬ್ಲಿ 1924 ಎಂದು ಪದಕದ ಮೇಲಿದ್ದರೆ ಅದು ಕೆಳಗಡಿಯಷ್ಟೇ, ಮೇಲ್ಗಡಿಯಲ್ಲ.

ಸರಕಿನಿಂದಲೂ ಕೆಳಗಡಿ ಸಿಗುತ್ತದೆ. ಮೊದಲ ಮಹಾಯುದ್ಧದಲ್ಲಿ ಯೂರೋಪಿಗೆ ಶ್ರೀಗಂಧದ ಮರ ಸಾಗಿಸುವುದು ನಿಂತುಹೋದಾಗಲೇ ಮೈಸೂರು ಸರ್ಕಾರ ಗಂಧದೆಣ್ಣೆ ತೆಗೆಯುವ ಕಾರ್ಖಾನೆ ಹಾಕಿದ್ದು. ಹಾಗಾಗಿ ಸರ್ಕಾರಿ ಗಂಧದ ಸಾಬೂನಿನ ಜಾಹೀರಾತು 1916ಕ್ಕಿಂತ ಮೊದಲಿನದಾಗಿರಲಾರದು. ಎರಡೂ ಬದಿ ಹಾಡುವ ಗ್ರಾಮಫೋನ್ ತಟ್ಟೆ ಎಂದು ಕೊಂಡಾಡಿದ್ದರೆ ಅದು ಕಲ್ಕತ್ತದಲ್ಲಿ ತಟ್ಟೆ ಅಚ್ಚುಹಾಕುವ ಕಾರ್ಖಾನೆ ಬಂದ 1908ರ ಆಸುಪಾಸು ಅಥವಾ ಆಚೆ. "ವಿದ್ಯುತ್ತಿನಿಂದ ಧ್ವನಿಮುದ್ರಣ" ಎಂದರೆ 1925ರ ಆಚೆ. ವಿಟಮಿನ್ ಎಂಬ ಮಾತು ವಿಜ್ಞಾನಕ್ಕೇ ಬಂದದ್ದು 1912ರಲ್ಲಿ, ಆದ್ದರಿಂದ ವಿಟಮಿನ್ ಹೆಸರು ಹೇಳುವ ಟಾನಿಕ್ಕಿನ ಜಾಹೀರಾತನ್ನು ಅದರ ಹಿಂದಕ್ಕೆ ಒಯ್ಯಬೇಡಿ. ಲಕ್ಸ್ ಸಾಬೂನು ಇಲ್ಲಿಗೆ ಬಂದದ್ದು 1929ರಲ್ಲಿ, ಡಾಲ್ಡಾ 1937ರಲ್ಲಿ. ಲಕ್ಸ್ ಹಿಡಿದ ಭಾರತೀಯ ಚಿತ್ರನಟಿಯ ಜಾಹೀರಾತನ್ನು "1930ರ ದಶಕ" ಎಂದು ಗುರುತಿಸಿರುವುದು ಕಂಡರೆ ಅನುಮಾನಿಸಿ. ಆ ಸಾಲಿನಲ್ಲಿ ಮೊದಲಿಗರು ಲೀಲಾ ಚಿಟ್ನಿಸ್, ಅದು 1941.

ಸರಕು ಕಾಣೆಯಾಗುವುದೂ ಒಂದು ಸುಳಿವೇ. 1914ರ ಆಗಸ್ಟಿನ ಮೇಲೆ ಜರ್ಮನಿ, ಆಸ್ಟ್ರಿಯಾಗಳ ಬಣ್ಣ, ಎನಾಮೆಲ್ ಪಾತ್ರೆ, ಆಟಿಕೆಗಳ ಆಮದು ನಿಂತು, ಆ ಜಾಗಕ್ಕೆ ಜಪಾನಿನ ಗಾಜು, ಬೆಂಕಿಪೆಟ್ಟಿಗೆ ಬಂದವು. ಆದರೆ "ಸ್ವದೇಶಿ" ಎಂಬ ಒಂದೇ ಪದ ನೋಡಿ 1905 ಎಂದು ತೀರ್ಮಾನಿಸಬಾರದು. 1905ರ ಬಂಗಾಳ ವಿಭಜನೆಯ ಕಾಲಕ್ಕೆ ಮೇಲೆದ್ದ ಆ ಮಾತು 1920–22ರಲ್ಲೂ 1930ರಲ್ಲೂ ಅಷ್ಟೇ ಜೋರಾಗಿ ಮರಳಿತು.

ಬ್ಲಾಕಿನ ಲಕ್ಷಣ

ಬ್ಲಾಕು ಎಂದರೆ ಚಿತ್ರವನ್ನು ಅಚ್ಚುಹಾಕಲು ಮಾಡಿದ ಮರದ ಅಥವಾ ಲೋಹದ ಅಚ್ಚು. ಈ ಭಾಗಕ್ಕೆ 10 ಪಟ್ಟು ಹಿಗ್ಗಿಸುವ ಮಸೂರ ಬೇಕು. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ, ನಿಜವಾಗಿ ಹೊಸದು ತಿಳಿಯುವುದೂ ಇಲ್ಲಿಯೇ.

ಚಿತ್ರವನ್ನು ಮಸೂರದಲ್ಲಿ ನೋಡಿದರೆ ಮೂರರಲ್ಲೊಂದು ಬಗೆ ಕಾಣುತ್ತದೆ. ಕಪ್ಪಿನೊಳಗಿಂದ ಬಿಳಿ ಗೆರೆ ಕೆತ್ತಿ ತೆಗೆದಂತಿದ್ದು, ನೆರಳೆಲ್ಲ ಸಮಾನಾಂತರ ಗೆರೆಗಳಿಂದಲೇ ಆಗಿದ್ದರೆ ಅದು ಮರದ ಕೆತ್ತನೆ, ಅಥವಾ ಅದರಿಂದ ಎತ್ತಿದ ಲೋಹದ ಪ್ರತಿ. ದೊಡ್ಡ ಮರದ ಬ್ಲಾಕುಗಳನ್ನು ಸಣ್ಣ ತುಂಡುಗಳನ್ನು ಕೂಡಿಸಿ ಮಾಡುತ್ತಿದ್ದುದರಿಂದ ಚಿತ್ರದ ನಡುವೆ ನೆಟ್ಟಗೆ ಒಂದು ಕೂದಲೆಳೆಯ ಬಿಳಿ ಗೆರೆ ಹಾದುಹೋಗಿರುವುದುಂಟು. ಗೆರೆಗಳೆಲ್ಲ ಪೆನ್ನಿನಲ್ಲಿ ಬರೆದಂತೆ ಒಂದೇ ಸಮ ಕಪ್ಪಾಗಿದ್ದರೆ ಸತುವಿನ ಲೈನ್ ಬ್ಲಾಕು. ಸಣ್ಣ ದೊಡ್ಡ ಚುಕ್ಕೆಗಳಿಂದಲೇ ನೆರಳು ಮೂಡಿದ್ದರೆ ಹಾಫ್‌ಟೋನ್, ಅಂದರೆ ಫೋಟೋದಿಂದ ಮಾಡಿದ್ದು. ಪತ್ರಿಕೆ ಕಾಗದ ಒರಟಾದ್ದರಿಂದ ಫೋಟೋವನ್ನು ಚುಕ್ಕೆಗಳಾಗಿ ಒಡೆಯಲು ಇಂಚಿಗೆ ಸುಮಾರು 55ರಿಂದ 65 ಸಾಲಿನ ಒರಟು ಪರದೆಯನ್ನೇ ಬಳಸಬೇಕಾಗುತ್ತಿತ್ತು. ಅದಕ್ಕಿಂತ ನಯವಾದ ಪರದೆ ಬಳಸಿದ್ದರೆ ಚುಕ್ಕೆಗಳ ನಡುವೆ ಶಾಯಿ ತುಂಬಿ ಮುಖವೆಲ್ಲ ಮಸಿಯಾಗಿರುತ್ತದೆ. ಅದನ್ನು ಕಾಗದ ಹಾಳಾದದ್ದೆಂದು ತಿಳಿಯಬೇಡಿ, ಮಾಸಿಕಕ್ಕೆಂದು ಮಾಡಿದ ಬ್ಲಾಕನ್ನು ಪತ್ರಿಕೆಗೂ ಕಳಿಸಿದ್ದರ ಫಲ ಅದು.

ಈ ಬ್ಲಾಕುಗಳಿಗೆ ಹಣ ಬೀಳುತ್ತಿತ್ತು, ಆದ್ದರಿಂದ ಸವೆಯುವವರೆಗೂ ಬಳಸುತ್ತಿದ್ದರು. ಚಿತ್ರದ ವೇಷಭೂಷಣವನ್ನು ನಂಬಬಾರದು ಎನ್ನುವುದಕ್ಕೆ ಕಾರಣ ಇದೇ. ವಿಲಾಯತಿ ಕಂಪನಿಗಳು ಒಂದೇ ಚಿತ್ರದ ಲೋಹದ ಪ್ರತಿಗಳನ್ನು ಹತ್ತಾರು ಪತ್ರಿಕೆಗಳಿಗೆ ಹಂಚುತ್ತಿದ್ದವು. ಚಿತ್ರ, ಇಂಗ್ಲಿಷ್ ಹೆಸರು, ಸಹಿ ಬ್ಲಾಕಿನೊಳಗೆ ಬಂದಿರುತ್ತಿದ್ದವು. ಕನ್ನಡದ ಸಾಲುಗಳನ್ನು ಇಲ್ಲಿನ ಅಚ್ಚುಕೂಟದಲ್ಲಿ ಮೊಳೆ (ಸೀಸದ ಅಚ್ಚಕ್ಷರ) ಜೋಡಿಸುವವರು ಸುತ್ತ ಹೊಂದಿಸುತ್ತಿದ್ದರು. ಟೋಪಿ ಹಾಕಿದ ದೊರೆಸಾನಿಯ ಕೆಳಗೆ ಅಚ್ಚಗನ್ನಡದ ಸಾಬೂನಿನ ವರ್ಣನೆ ಇರುವುದು ಹೀಗಾಗಿ. ಒಂದೇ ಸರಕಿನ ಹೆಸರು ಒಂದು ಪತ್ರಿಕೆಯಲ್ಲಿ ಒಂದು ಕಾಗುಣಿತದಲ್ಲಿ, ಇನ್ನೊಂದರಲ್ಲಿ ಇನ್ನೊಂದು ಕಾಗುಣಿತದಲ್ಲಿ ಇರುವುದಕ್ಕೂ ಇದೇ ಕಾರಣ. ಹುಡುಕುವಾಗ ಸೋಪು, ಸಾಬೂನು, ಸಬಕಾರ ಮೂರನ್ನೂ ಹುಡುಕಬೇಕು.

ಒಂದೇ ಪತ್ರಿಕೆಯಲ್ಲಿ ಒಂದೇ ಬ್ಲಾಕು ಹಲವು ಸಲ ಬಂದಿದ್ದರೆ ಅವುಗಳ ಹಿಂದುಮುಂದನ್ನು ಸವಕಳಿಯಿಂದ ಹೇಳಬಹುದು. ಅಂಚಿನ ಗೀಟಿನಲ್ಲಿ ಬಿಟ್ಟುಹೋದ ಜಾಗ, ಅಕ್ಷರದ ಮುರಿದ ಬಾಲ, ಮೂಲೆಯಲ್ಲಿ ಬ್ಲಾಕನ್ನು ಹಲಗೆಗೆ ಹೊಡೆದ ಕಬ್ಬಿಣದ ಮೊಳೆ ಮೇಲೆದ್ದು ಬಿದ್ದ ಕಪ್ಪು ಚುಕ್ಕೆ, ಇವನ್ನು ಗುರುತು ಹಾಕಿಕೊಳ್ಳಿ. ಒಮ್ಮೆ ಮುರಿದದ್ದು ಮತ್ತೆ ಕೂಡುವುದಿಲ್ಲವಾದ್ದರಿಂದ ಮುರುಕಿಲ್ಲದ್ದು ಮೊದಲಿನದು. ಎರಡು ಬೇರೆ ಪತ್ರಿಕೆಗಳ ನಡುವೆ ಈ ಲೆಕ್ಕ ನಡೆಯದು, ಅಲ್ಲಿರುವುದು ಬೇರೆ ಬೇರೆ ಪ್ರತಿ. ಇನ್ನೊಂದು ಎಚ್ಚರ: ಬ್ಲಾಕನ್ನು ಕೂರಿಸಿದ ಮರದ ಹಲಗೆ ಮೊಳೆಗಳ ಎತ್ತರಕ್ಕಿಂತ (ಅದು 0.918 ಇಂಚು) ಕೂದಲೆಳೆ ತಗ್ಗಾದರೂ ಚಿತ್ರ ಮಂಕಾಗಿ ಬೀಳುತ್ತದೆ. ಆ ಮಂಕನ್ನು ಸವಕಳಿ ಎಂದು ಎಣಿಸಬೇಡಿ. ಸವೆದ ಬ್ಲಾಕಿನಲ್ಲಿ ಗೆರೆ ದಪ್ಪವಾಗುತ್ತದೆ, ತಗ್ಗಾದ ಬ್ಲಾಕಿನಲ್ಲಿ ಗೆರೆ ಕಡಿದುಹೋಗುತ್ತದೆ.

ಬೇಡವೆನ್ನುವವರೆಗೂ ಹಾಕಿ ಎಂಬ ಕರಾರಿನ ಜಾಹೀರಾತುಗಳ ಮೊಳೆ ಜೋಡಣೆಯನ್ನು ಬಿಚ್ಚದೆ ಹಾಗೆಯೇ ಇಟ್ಟಿರುತ್ತಿದ್ದರು. ಹೊಸ ವರ್ಷದ ಕ್ಯಾಲೆಂಡರಿನ ಕೊಡುಗೆ ಜೂನ್ ತಿಂಗಳಲ್ಲೂ ಬರುತ್ತಿರುವುದು ಇದರಿಂದ. ಅಂಥದರಲ್ಲಿ ಬೆಲೆಯ ಅಂಕಿಯನ್ನಷ್ಟೇ ಮಸೂರದಲ್ಲಿ ನೋಡಿ. ಸುತ್ತಲಿನ ಸವೆದ ಅಕ್ಷರಗಳ ನಡುವೆ ಬೆಲೆ ಮಾತ್ರ ಚೂಪಾಗಿದ್ದರೆ ಅದನ್ನು ಆಮೇಲೆ ಬದಲಿಸಿದ್ದಾರೆ. ಹಿಂದಿನ ಸಂಚಿಕೆಗಳನ್ನು ತಿರುವಿ ಬದಲಾದ ವಾರ ಹುಡುಕಿದರೆ ಬೆಲೆ ಏರಿದ ದಿನವೇ ಕೈಗೆ ಸಿಗುತ್ತದೆ.

ವಿಳಾಸದಲ್ಲಿ "ಡಿಪಾರ್ಟ್‌ಮೆಂಟ್ 14" ಎಂದೋ ಮೂಲೆಯಲ್ಲಿ ಸಣ್ಣ ಅಕ್ಷರ-ಅಂಕಿಗಳ ಗುರುತೋ ಇದ್ದರೆ ಹಾಗೆಯೇ ನಕಲು ಮಾಡಿಕೊಳ್ಳಿ. ಯಾವ ಪತ್ರಿಕೆ ನೋಡಿ ಗಿರಾಕಿ ಬರೆದನೆಂದು ತಿಳಿಯಲು ಕಂಪನಿಯವರು ಪತ್ರಿಕೆಗೊಂದು ಡಿಪಾರ್ಟ್‌ಮೆಂಟ್ ಸಂಖ್ಯೆ ಕೊಡುತ್ತಿದ್ದರು. ಅಂಥ ಇಲಾಖೆ ಇದ್ದೇ ಇತ್ತೆಂದು ಬರೆಯಬಾರದು. ಮೂಲೆಯ ಗುರುತು ಏಜೆನ್ಸಿಯ ಕೆಲಸದ ಸಂಖ್ಯೆ, ಅದನ್ನು ಇಸವಿ ಎಂದು ಓದಬಾರದು.

ಬೆಲೆ

1957ರ ಏಪ್ರಿಲ್ 1ರವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. "1-4-0" ಎಂದರೆ ಒಂದು ರೂಪಾಯಿ ನಾಲ್ಕಾಣೆ. ಇದು ಎಲ್ಲರಿಗೂ ಗೊತ್ತು. ಎಡವುವುದು ಹಳೆಯ ಗೀಟುಗಳಲ್ಲಿ. ಅಂಕಿಯ ಮುಂದೆ ಒಂದು ನಿಂತ ಗೀಟು ಕಾಲು, ಎರಡು ಅರ್ಧ, ಮೂರು ಮುಕ್ಕಾಲು. "೧॥" ಎಂದರೆ ಒಂದೂವರೆ ರೂಪಾಯಿ. ಕಂಪ್ಯೂಟರಿನಿಂದ ಅಕ್ಷರ ಓದಿಸಿದರೆ ಅದು ಇದನ್ನು 111 ಎಂದೋ ಶ್ಲೋಕದ ಕೊನೆಯ ಗೀಟು ಎಂದೋ ಓದುತ್ತದೆ. ಆದ್ದರಿಂದ ಬೆಲೆಗಳನ್ನೆಲ್ಲ ಕಣ್ಣಿನಿಂದಲೇ ನೋಡಿ ತಿದ್ದಬೇಕು.

ಲೆಕ್ಕ ಮಾಡುವ ಬಗೆ ತಿಳಿಯಲು ಹೀಗೊಂದು ಜಾಹೀರಾತು ಇದೆ ಎಂದಿಟ್ಟುಕೊಳ್ಳಿ: ಕೂದಲೆಣ್ಣೆ ಸೀಸೆಗೆ 0-12-0, ಡಜನಿಗೆ 7-8-0, ಟಪಾಲು ಖರ್ಚು 1ರಿಂದ 3 ಸೀಸೆಗೆ 5 ಆಣೆ. ಎಲ್ಲವನ್ನೂ ಮೊದಲು ಆಣೆಗೆ ಇಳಿಸಿ. ಡಜನ್ 120 ಆಣೆ, ಅಂದರೆ ಸೀಸೆಗೆ 10 ಆಣೆ; ಊರಲ್ಲಿ ಮಾರುವ ಏಜೆಂಟನಿಗೆ ಸೀಸೆಗೆ 2 ಆಣೆ ಉಳಿಯುತ್ತದೆ. ಒಂದೇ ಸೀಸೆ ವಿ.ಪಿ.ಯಲ್ಲಿ ತರಿಸಿದವನಿಗೆ 17 ಆಣೆ ಬೀಳುತ್ತದೆ. ಮೂರು ತರಿಸಿದರೆ ಒಟ್ಟು 41 ಆಣೆ, ಸೀಸೆಗೆ 13 ಆಣೆ 8 ಪೈ. ಅಕ್ಕಪಕ್ಕದ ಮನೆಯವರು ಕೂಡಿ ತರಿಸಲಿ ಎಂಬ ಆಸೆ ಈ ದರದಲ್ಲೇ ಇದೆ. ಹೀಗಾಗಿ ಗಿರಾಕಿ ಕೊಟ್ಟ ಬೆಲೆ ಎಂದು ಬರೆಯುವಾಗ ಸೀಸೆಯ ಬೆಲೆಯನ್ನಷ್ಟೇ ಬರೆದರೆ ಸಾಲದು.

12 ಆಣೆ ಎಂದರೆ ಇಂದಿಗೆ ಎಷ್ಟು ಎಂದು ಹಣದುಬ್ಬರದ ಸೂತ್ರ ಹಾಕಿ ಹೇಳುವುದರಲ್ಲಿ ಅರ್ಥವಿಲ್ಲ. ಅದೇ ಸಂಚಿಕೆಯ ಬಿಡಿಪ್ರತಿಯ ಬೆಲೆ, ಅದೇ ವಾರದ ಪೇಟೆ ಧಾರಣೆ ಇವುಗಳ ಪಕ್ಕದಲ್ಲಿ ಇಡಿ. ಧಾರಣೆ ಓದುವಾಗ ಒಂದು ಎಚ್ಚರ ಬೇಕು. ಧಾನ್ಯದ ಬೆಲೆಯನ್ನು ಆಗ ಸೇರಿಗೆ ಇಷ್ಟು ಆಣೆ ಎನ್ನುವ ಬದಲು ರೂಪಾಯಿಗೆ ಇಷ್ಟು ಸೇರು ಎಂದು ಬರೆಯುವ ರೂಢಿಯಿತ್ತು. ಅಂಕಿ ಇಳಿದರೆ ಬೆಲೆ ಏರಿತು. ರೂಪಾಯಿಗೆ 8 ಸೇರಿದ್ದದ್ದು 6 ಸೇರಾದರೆ ಸೇರಿನ ಬೆಲೆ 2 ಆಣೆಯಿಂದ 2 ಆಣೆ 8 ಪೈಗೆ, ಅಂದರೆ ಮೂರರಲ್ಲಿ ಒಂದು ಪಾಲು ಹೆಚ್ಚಿತು.

ಸೇರಿನಲ್ಲೂ ಎರಡು ಬಗೆ. 80 ತೊಲದ ಪಕ್ಕಾ ಸೇರು ಸುಮಾರು 933 ಗ್ರಾಂ, 24 ತೊಲದ ಕಚ್ಚಾ ಸೇರು ಸುಮಾರು 280 ಗ್ರಾಂ. ತುಪ್ಪ, ಬೆಲ್ಲಗಳ ಜಾಹೀರಾತಿನಲ್ಲಿ ಬರೀ "ಸೇರು" ಎಂದಿದ್ದರೆ ಗ್ರಾಮಿಗೆ ಬದಲಿಸದೆ ಹಾಗೆಯೇ ಬಿಡುವುದು ಕ್ಷೇಮ. ಔಷಧದ ಔನ್ಸು ದ್ರವಕ್ಕೆ 28.4 ಮಿಲಿ, ಅದರ ಎಂಟನೇ ಒಂದು ಡ್ರಾಮ್. ಬೆಂಕಿಪೆಟ್ಟಿಗೆ ಗ್ರೋಸಿನ ಲೆಕ್ಕ, ಅಂದರೆ 144. ಬಟ್ಟೆಗೆ ಗಜದ ಜೊತೆ ಪನ್ನವನ್ನೂ (ಬಟ್ಟೆಯ ಅಗಲ) ಬರೆದುಕೊಳ್ಳಿ, ಪನ್ನ ಗೊತ್ತಿಲ್ಲದೆ ಎರಡು ಬಟ್ಟೆಗಳ ಬೆಲೆ ಹೋಲಿಸಲಾಗದು.

ಹೇಳಿಕೆಯನ್ನು ತೂಗುವುದು

ಜಾಹೀರಾತಿನಿಂದ ತಿಳಿಯುವುದು ಏನನ್ನು ಮಾರಲು ಹೊರಟರು ಎಂಬುದು. ಜನ ಏನನ್ನು ಬಳಸಿದರು ಎಂಬುದಲ್ಲ. ರಾಗಿ, ಬೆಲ್ಲ, ಸೀಗೆಕಾಯಿ, ಸೌದೆಗೆ ಜಾಹೀರಾತು ಬೇಕಿರಲಿಲ್ಲ. ಪತ್ರಿಕೆಯ ಪುಟವೆಲ್ಲ ಟಾನಿಕ್ಕು, ಗಡಿಯಾರ, ಹಾರ್ಮೋನಿಯಂಗಳಿಂದ ತುಂಬಿದ್ದರೆ ಮನೆಗಳೂ ಹಾಗೆಯೇ ಇದ್ದವೆಂದು ಬರೆಯುವುದು ದೊಡ್ಡ ತಪ್ಪು. ಮುಖಪುಟದಲ್ಲಿ ಬಂದದ್ದಕ್ಕೂ ಹೆಚ್ಚಿನ ಅರ್ಥ ಹಚ್ಚಬೇಡಿ. "ದಿ ಹಿಂದೂ" 1958ರ ಜನವರಿಯವರೆಗೂ ಮೊದಲ ಪುಟವನ್ನು ಜಾಹೀರಾತಿಗೇ ಬಿಟ್ಟಿತ್ತು.

"ರಿಜಿಸ್ಟರ್ಡ್" ಎಂಬ ಮಾತನ್ನು ಈಗಿನ ಅರ್ಥದಲ್ಲಿ ಓದಬಾರದು. ಭಾರತದಲ್ಲಿ ಟ್ರೇಡ್ ಮಾರ್ಕ್ ಕಾಯಿದೆ ಬಂದದ್ದೇ 1940ರಲ್ಲಿ. ಅದಕ್ಕೆ ಮೊದಲು ಗುರುತು ತನ್ನದೆಂದು ಒಂದು ಪತ್ರ ಬರೆದು ನೋಂದಣಿ ಕಚೇರಿಯಲ್ಲಿ ದಾಖಲಿಸಿ, ಪತ್ರಿಕೆಯಲ್ಲಿ "ನಕಲಿಗಳಿವೆ, ಮೋಸಹೋಗಬೇಡಿ" ಎಂದು ಎಚ್ಚರಿಕೆ ಹಾಕಿಸುವುದೇ ರೂಢಿ. ಈ ಎಚ್ಚರಿಕೆಗಳನ್ನು ಬಿಡದೆ ಸಂಗ್ರಹಿಸಿ. ಸೀಸೆಯ ಆಕಾರ, ಚೀಟಿಯ ಬಣ್ಣ, ಮುಚ್ಚಳದ ಮುದ್ರೆ ಇವುಗಳ ವಿವರ ಬೇರೆಲ್ಲೂ ಸಿಗದಷ್ಟು ನಿಖರವಾಗಿ ಇವುಗಳಲ್ಲೇ ಇರುತ್ತದೆ.

ಸುದ್ದಿಯ ವೇಷದ ಜಾಹೀರಾತೂ ಇತ್ತು, ಕತೆಯ ವೇಷದ್ದೂ ಇತ್ತು. ಕಲ್ಕತ್ತದ ಕುಂತಲೀನ್ ಎಣ್ಣೆಯವರು 1896ರಲ್ಲಿ ಕಥಾಸ್ಪರ್ಧೆ ಇಟ್ಟು, ಎಣ್ಣೆಯ ಹೆಸರು ಕತೆಯೊಳಗೆ ಬರಬೇಕೆಂದಿದ್ದರು. ಮೊದಲ ಬಹುಮಾನ ವಿಜ್ಞಾನಿ ಜಗದೀಶಚಂದ್ರ ಬೋಸರ ಕತೆಗೆ ಬಂತು. ಸುದ್ದಿಯಂತೆ ಕಾಣುವ ಬರಹ ಒಂದು ವಿಳಾಸದಿಂದಲೋ ಬೆಲೆಯಿಂದಲೋ ಮುಗಿದರೆ ಅದನ್ನು ಜಾಹೀರಾತಿನ ಕಡತಕ್ಕೇ ಸೇರಿಸಿ.

ಔಷಧಗಳ ಹೇಳಿಕೆಗಳನ್ನು ನಕಲು ಮಾಡುವಾಗ ಅದು ಹೇಳಿಕೆ ಎಂಬುದು ಓದುವವರಿಗೆ ಸ್ಪಷ್ಟವಾಗಿರಲಿ. ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ 1909ರಲ್ಲೇ ಹೆಸರಾಂತ ಪೇಟೆಂಟ್ ಔಷಧಗಳನ್ನು ಪರೀಕ್ಷಿಸಿ ಪ್ರಕಟಿಸಿತ್ತು. ಲೋಕಪ್ರಸಿದ್ಧ ಬೀಚಮ್ಸ್ ಮಾತ್ರೆಯಲ್ಲಿ ಸಿಕ್ಕಿದ್ದು ಲೋಳೆಸರದ ರಸ, ಶುಂಠಿ, ಸಾಬೂನು. ಇಲ್ಲಿ ಇಂಥ ಜಾಹೀರಾತುಗಳನ್ನು ತಡೆಯುವ ಕಾಯಿದೆ ಬಂದದ್ದು 1954ರಲ್ಲಿ. ಹಳೆಯ ಸೀಸೆಯಲ್ಲಿ ಉಳಿದ ಔಷಧವನ್ನು ರುಚಿ ನೋಡುವುದಾಗಲಿ, ಜಾಹೀರಾತಿನ ಪಾಕವನ್ನು ಮನೆಯಲ್ಲಿ ಮಾಡುವುದಾಗಲಿ ಕೂಡದು. ಪಾದರಸ, ಸೀಸದ ಲವಣಗಳು ಆಗಿನ ಮುಲಾಮು, ಪೌಡರುಗಳಲ್ಲಿ ಮಾಮೂಲಾಗಿದ್ದವು.

ದಾಖಲೆ

ಒಂದೊಂದು ಜಾಹೀರಾತಿಗೂ ಪತ್ರಿಕೆ, ತಾರೀಖು ಅಥವಾ ಎರಡು ಗಡಿ, ಪುಟ, ಅಂಕಣ, ಅಳತೆ, ಚಿತ್ರದ ಬಗೆ, ಬೆಲೆ, ವಿಳಾಸ, ಪೂರ್ತಿ ಪಠ್ಯ ಇಷ್ಟಿರಲಿ. ಅಳತೆಗೆ ಎತ್ತರದ ಇಂಚನ್ನು ಅಂಕಣಗಳ ಸಂಖ್ಯೆಯಿಂದ ಗುಣಿಸಿ. ಎರಡು ಅಂಕಣ ಅಗಲ, 4 ಇಂಚು ಎತ್ತರ ಅಂದರೆ 8 ಅಂಕಣ-ಇಂಚು. ಪತ್ರಿಕೆಯವರು ದರ ಹಾಕುತ್ತಿದ್ದುದೂ ಹೀಗೆಯೇ ಆದ್ದರಿಂದ ದರಪಟ್ಟಿ ಅಚ್ಚಾಗಿರುವ ಸಂಚಿಕೆ ಸಿಕ್ಕರೆ ಕಂಪನಿ ತೆತ್ತ ಹಣವನ್ನೂ ಅಂದಾಜಿಸಬಹುದು. ಕಾಗುಣಿತ ತಿದ್ದಬೇಡಿ. ಓದಲಾಗದ ಅಕ್ಷರಕ್ಕೆ ಚುಕ್ಕೆ ಇಡಿ, ಊಹಿಸಿ ತುಂಬಿದ್ದನ್ನು ಚೌಕ ಕಂಸದೊಳಗೆ ಹಾಕಿ.

ವರ್ಷದಿಂದ ವರ್ಷಕ್ಕೆ ಹೋಲಿಸುವ ಕೆಲಸವಾದರೆ ವಾರ ಆರಿಸುವುದರಲ್ಲಿ ಜಾಗ್ರತೆ ಬೇಕು. ದಸರಾ, ದೀಪಾವಳಿಯ ಸಂಚಿಕೆಗಳಲ್ಲಿ ಬಟ್ಟೆ, ಒಡವೆಯ ಜಾಹೀರಾತು ಉಬ್ಬಿರುತ್ತದೆ. ಪ್ರತಿವರ್ಷ ಹಬ್ಬದ ಒಂದು ವಾರ, ಹಬ್ಬವಿಲ್ಲದ ಒಂದು ವಾರ ಎಂದು ಎರಡನ್ನೂ ತೆಗೆದುಕೊಂಡು ಬೇರೆ ಬೇರೆಯಾಗಿಯೇ ಎಣಿಸಿ. ದಸರಾ ತಾರೀಖು ಜಾರುತ್ತಿರುತ್ತದೆ, ಹಾಗಾಗಿ "ಅಕ್ಟೋಬರಿನ ಎರಡನೇ ವಾರ" ಎಂದು ಗೊತ್ತುಮಾಡಿಕೊಂಡರೆ ಒಂದು ವರ್ಷ ಹಬ್ಬ ಸಿಕ್ಕಿ ಇನ್ನೊಂದು ವರ್ಷ ತಪ್ಪುತ್ತದೆ.

ಪ್ರಕಟಿಸುವ ಮುನ್ನ ಹಕ್ಕಿನ ವಿಚಾರ ನೋಡಿಕೊಳ್ಳಿ. ಬರೆದವರ ಹೆಸರಿಲ್ಲದ ಕೃತಿಗೆ ನಮ್ಮ ಕಾಯಿದೆಯಲ್ಲಿ ಪ್ರಕಟವಾದ ಮರುವರ್ಷದಿಂದ 60 ವರ್ಷ ರಕ್ಷಣೆ, ಆದ್ದರಿಂದ ಈ ಕಾಲದ ಹೆಚ್ಚಿನ ಜಾಹೀರಾತುಗಳಿಗೆ ಅದು ಮುಗಿದಿದೆ. ಚಿತ್ರದ ಮೂಲೆಯಲ್ಲಿ ಕಲಾವಿದರ ಸಹಿ ಇದ್ದರೆ ಲೆಕ್ಕ ಬೇರೆ, ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಗೋದ್ರೆಜ್, ಅಮೃತಾಂಜನ, ಮೈಸೂರು ಸ್ಯಾಂಡಲ್‌ನಂಥ ಗುರುತುಗಳು ಈಗಲೂ ಚಾಲ್ತಿಯಲ್ಲಿರುವ ಟ್ರೇಡ್ ಮಾರ್ಕುಗಳು. ಲೇಖನದಲ್ಲಿ ಹಳೆಯ ಜಾಹೀರಾತಿನ ಚಿತ್ರ ತೋರಿಸುವುದು ಬೇರೆ, ಆ ಗುರುತನ್ನು ಲೋಟದ ಮೇಲೋ ಚೀಲದ ಮೇಲೋ ಅಚ್ಚುಹಾಕಿ ಮಾರುವುದು ಬೇರೆ. ಎರಡನೆಯದಕ್ಕೆ ಕಂಪನಿಯ ಅನುಮತಿ ಬೇಕು.